ತೊಳೆಯದ ಕಾಲು

ಆ ಬಂದರು ಪಟ್ಟಣದಲ್ಲಿ ದರ್ಪ ತೋರಿದವರು ಮೈಯಲ್ಲೇ ಎತ್ತರ ಬೆಳೆಯುತ್ತಿದ್ದರು. ಸಭಾಧ್ಯಕ್ಷ ಅರಿಸ್ತೋನರಿಗಾಗಿ ಪ್ರಾರ್ಥನಾಮಂದಿರದ ಸೂರನ್ನು ಎರಡು ಸಲ ಏರಿಸಿದ್ದಾಗಿತ್ತು.

ಹೋದ ವಾರ ಅವರು ತ್ರುಫೇನಾಳ ಗಂಡನನ್ನು ಸಭೆಯಿಂದ ಹೊರಹಾಕಿದ್ದರು. ಅವರನ್ನು ಕೇಳದೆ ಬೇರೆ ಊರಿನ ಬೋಧಕರಿಗೆ ಊಟ ಹಾಕಿದ್ದೇ ಅವನ ತಪ್ಪು. ಇವತ್ತು ಸಭೆಯವರೆಲ್ಲ ಪ್ರಾರ್ಥನೆಗೆ ಸೇರಿದ್ದಾಗ ಅವಳು ಮಗುವನ್ನೆತ್ತಿಕೊಂಡು ಅವರ ಮುಂದೆ ಬಂದಳು.

“ಅಯ್ಯನವರೇ, ಅವರನ್ನ ಸೇರಿಸ್ಕೊಳ್ಳಿ. ನಾವೆಲ್ಲ ಪ್ರಾರ್ಥನೆ ಮಾಡಿ ರೊಟ್ಟಿ ಮುರಿದು ಹಂಚ್ಕೊಳ್ಳೋವಾಗ ಅವರು ಬಾಗಿಲ ಹೊರಗೆ ನಿಂತಿರ್ತಾರೆ, ನೋಡೋಕಾಗಲ್ಲ.”

“ಹಾಗಾದ್ರೆ ನೀನೂ ಹೊರಡು,” ಎಂದು ಸೂರಿನ ಹತ್ತಿರದಿಂದ ಉತ್ತರ ಬಂತು.

“ಆಯ್ತು. ಪದ್ಧತಿ ಪ್ರಕಾರ ಕಾಲು ತೊಳೆದು ಕಳಿಸಿ.”

ಸಭೆಯಿಂದ ಹೊರಬೀಳುವವರ ಕಾಲನ್ನು ಸಭಾಧ್ಯಕ್ಷರೇ ತೊಳೆಯಬೇಕು, ಇಲ್ಲವಾದರೆ ಹೊರಹಾಕಿದಂತಲ್ಲ. ಆದರೆ ಹಾಗೆ ಬೆಳೆದವರಿಗೆ ಮಂಡಿ ಮಡಚಲು ಬರುತ್ತಿರಲಿಲ್ಲ. ಅರಿಸ್ತೋನರು ಎಷ್ಟು ಬಗ್ಗಿದರೂ ಕೈ ಅವಳ ತಲೆಯ ತನಕ ಮಾತ್ರ ಬಂತು. ಮಗು ಅವರ ಬೆರಳು ಹಿಡಿದುಕೊಂಡಿತು.

“ನನ್ನ ಗಂಡನ ಕಾಲಾದ್ರೂ ತೊಳೆದಿದ್ರಾ?” ತ್ರುಫೇನಾ ಸಭೆಯವರನ್ನು ಕೇಳಿದಳು.

“ಎಲ್ಲಿ ತೊಳೆದ್ರು ತಾಯಿ,” ಎಂದಳು ಮುದುಕಿಯೊಬ್ಬಳು. “ಯಾರದೂ ತೊಳೆದಿಲ್ಲ.”

ತ್ರುಫೇನಾ ಚಾಪೆಯ ಮೇಲೆ ಕೂತು, ಪಕ್ಕದಲ್ಲಿ ಜಾಗ ಬಿಟ್ಟು, ಬಾಗಿಲ ಕಡೆ ಕೂಗಿದಳು:

“ಏನ್ರೀ, ಒಳಗೆ ಬನ್ನಿ. ನಿಮ್ಮನ್ನ ಯಾರೂ ಹೊರಗೆ ಹಾಕೇ ಇಲ್ಲ.”