ಹುಬ್ಬಳ್ಳಿಗೆ ಒಬ್ಬರೇ ಕ್ಯಾಪ್ಟನ್

ವಿಮಾನ ಕಂಪನಿ ತನ್ನ ಹಳೆಯ ಚಿಕ್ಕ ವಿಮಾನಗಳನ್ನು ಮಾರಿ ದೊಡ್ಡ ಜೆಟ್‌ಗಳನ್ನು ತರಿಸತೊಡಗಿತು. ಇನ್ನು ಹುಬ್ಬಳ್ಳಿಯಲ್ಲಿ ಉಳಿಯುವುದು ಒಂದೇ ಚಿಕ್ಕ ವಿಮಾನ, ಒಬ್ಬ ಕ್ಯಾಪ್ಟನ್‌ಗೆ ಮಾತ್ರ ಜಾಗ. ಯಾವ ವಿಮಾನ, ಯಾವ ಊರು ಎಂದು ಮೊದಲು ಆರಿಸುವ ಹಕ್ಕು ಸೇವೆಯಲ್ಲಿ ಹಿರಿಯರಾದ ಕ್ಯಾಪ್ಟನ್ ಉತ್ತಯ್ಯನವರದು. ಅವರು ದಿಲ್ಲಿಯ ಜೆಟ್ ಹಿಡಿದರೆ ಅವರ ಕೋ-ಪೈಲಟ್ ಶಾಂಭವಿ ಇಲ್ಲೇ ಕ್ಯಾಪ್ಟನ್ ಆಗಿ, ಗಂಡ ಮತ್ತು ಎಳೆಮಗುವಿನ ಜೊತೆ ಉಳಿಯಬಹುದಿತ್ತು. ಇಲ್ಲವಾದರೆ ಕಂಪನಿ ಕಳಿಸಿದ ಊರಿಗೆ ಹೋಗಬೇಕು.

ಉತ್ತಯ್ಯನವರಿಗೆ ಮನಸ್ಸಿರಲಿಲ್ಲ. "ಈ ವಯಸ್ಸಲ್ಲಿ ಹೊಸ ವಿಮಾನ ಕಲಿಯೋದೇನಮ್ಮ? ನಂಗೆ ಇದೇ ಸಾಕು."

"ಹಂಗನಬ್ಯಾಡ್ರೀ ಸರ್," ಎಂದಳು ಶಾಂಭವಿ. "ಅಡ್ಡಗಾಳಿಯೊಳಗ ನೀವು ವಿಮಾನ ಇಳಸೂದನ್ನ ಪಕ್ಕದಾಗ ಕುಂತು ನೋಡೇನ್ರೀ. ಅಂಥಾ ಕೈ ಸಣ್ಣ ವಿಮಾನದಾಗ ಮುಗೀಬಾರದ್ರೀ."

ಸ್ವಾರ್ಥಕ್ಕೆಂದು ತೆಗೆದ ಮಾತು, ಆಡುತ್ತ ಆಡುತ್ತ ಅವಳಿಗೇ ನಿಜವೆನಿಸಿತು. ಉತ್ತಯ್ಯನವರು ರನ್‌ವೇ ಕಡೆ ತಿರುಗಿ ನೋಡಿದರು.

ವಾರದ ನಂತರ ಅವರೇ ಅವಳನ್ನು ಹುಡುಕಿಕೊಂಡು ಬಂದರು. "ದಿಲ್ಲಿ ಆರಿಸ್ಕೊಂಡೆ. ಇಷ್ಟು ವರ್ಷ ಹಾರಿಸಿದ್ರೂ ಯಾರೂ ನಂಗೆ ಅಂಥ ಮಾತು ಹೇಳಿರ್ಲಿಲ್ಲ ಕಣಮ್ಮ."

ಶಾಂಭವಿಯ ಕಣ್ಣು ತುಂಬಿತು. ಗಂಡನಿಗೆ ಸುದ್ದಿ ಹೇಳಲು ಫೋನ್ ತೆಗೆದಳು.

"ಹೇಳು, ಹೇಳು, ಅವರೂ ಖುಷಿ ಪಡ್ಲಿ," ಎಂದರು ಉತ್ತಯ್ಯ. "ದಿಲ್ಲಿಗೆ ಜೊತೆಗೊಬ್ಬ ಕೋ-ಪೈಲಟ್‌ನ ಕರ್ಕೊಂಡು ಬರಬಹುದು ಅಂದ್ರು ಕಂಪನಿಯವರು. ಬೇರೆ ಯಾರೂ ಬೇಡ ಅಂತ ಹಟ ಹಿಡಿದು ನಿನ್ನ ಹೆಸರೇ ಬರೆಸಿದೀನಿ."