ಎತ್ತಿದ ಕೈ

ಕಪಾಟಿನ ಮೇಲಿದ್ದ ಆಟಿಕೆಯ ಡಬ್ಬಿ ಇಳಿಸಿಕೊಡೋಣವೆಂದು ಬಸ್ ಡ್ರೈವರ್ ಕೈ ಎತ್ತಿದ್ದಷ್ಟೇ. ಪಕ್ಕದಲ್ಲಿ ನಿಂತಿದ್ದ ಎಂಟು ವರ್ಷದ ಹುಡುಗಿ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು, ಒಂದಿಷ್ಟೂ ಸದ್ದಿಲ್ಲದೆ ಆಪ್ತಸಮಾಲೋಚಕಿಯ ಮೇಜಿನ ಕೆಳಗೆ ಸೇರಿಬಿಟ್ಟಳು.

ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅವನು ಹಾಗೇ ನಿಂತ. ಆಮೇಲೆ ಮೆಲ್ಲಗೆ ಇಳಿಸಿ ಬೆನ್ನ ಹಿಂದೆ ಕಟ್ಟಿಕೊಂಡ.

“ನೋಡಿದ್ರಲ್ಲ ಮೇಡಂ? ಮನೇಲೂ ಇದೇ. ಇವಳು ನಮ್ಮನೆಗೆ ಬಂದು ಹನ್ನೊಂದು ತಿಂಗಳಾಯ್ತು. ಒಂದು ಏಟು ಹಾಕಿಲ್ಲ, ಗದರಿದ್ದೂ ಇಲ್ಲ. ನಾನು ಕೆಮ್ಮಿದ್ರೂ ಬೆಚ್ಚಿಬೀಳ್ತಾಳೆ. ನನ್ನ ಮನೇಲೇ ನಾನು ಕಳ್ಳನ ಹಾಗೆ ಓಡಾಡ್ತಿದ್ದೀನಿ. ನನ್ನ ಹೆಂಡತಿಗೆ ಮನಸ್ಸಿಲ್ಲ, ಆದ್ರೂ ಹೇಳ್ತೀನಿ, ಗಂಡಸರಿಲ್ಲದ ಮನೆ ಯಾವುದಾದ್ರೂ ಇದ್ರೆ ಅಲ್ಲಿಗೆ ಕಳಿಸಿ. ಅವಳಾದ್ರೂ ನೆಮ್ಮದಿಯಾಗಿರ್ಲಿ.”

ಇದೆಲ್ಲ ಮೇಜಿನ ಕೆಳಗೂ ಕೇಳಿಸುತ್ತದೆ ಎಂದು ಸಮಾಲೋಚಕಿ ಕಣ್ಣಲ್ಲೇ ಸನ್ನೆ ಮಾಡಿದಳು. ತಡವಾಗಿತ್ತು.

ಅವಳಿಗೆ ಅದು ಆ ದಿನದ ಏಳನೆಯ ಮಗು. ಬೆಳಗಿನಿಂದ ಮಾತಾಡಿ ಮಾತಾಡಿ ಗಂಟಲು ಕಟ್ಟಿತ್ತು. ಹುಡುಗಿಯನ್ನು ಹೆತ್ತವರಿಂದ ಬಿಡಿಸಿ ತಂದ ಮೇಲೆ ಇದು ಮೂರನೆಯ ಸಾಕುಮನೆ. ಹೆತ್ತ ಅಪ್ಪನ ಕೈ ಏನೇನು ಮಾಡಿತ್ತೆಂಬುದೇ ಕಡತದಲ್ಲಿ ಎರಡು ಪುಟವಿತ್ತು. ಮಗುವನ್ನು ಬೇರೆ ಮನೆಗೆ ಕಳಿಸುವ ಫಾರಂ ಮುಂದೆಯೇ ಇತ್ತು. ಸಹಿ ಹಾಕಿಬಿಡಲೇ ಎಂದು ಒಂದು ಗಳಿಗೆ ಅವಳಿಗೂ ಅನ್ನಿಸಿತು.

ಆದರೆ ಪೆನ್ನು ಬದಿಗಿಟ್ಟು, ಕುರ್ಚಿಯಿಂದಿಳಿದು, ನೆಲದ ಮೇಲೆ ಗೋಡೆಗೊರಗಿ ಕುಳಿತಳು. “ನೀವೂ ಕೂತ್ಕೊಳ್ಳಿ. ಅವಳನ್ನ ಕರೀಬೇಡಿ, ಬಗ್ಗಿ ನೋಡಬೇಡಿ. ಆ ಹೆದರಿಕೆ ನೀವು ಹುಟ್ಟಿಸಿದ್ದಲ್ಲ. ಆದ್ರೆ ದೊಡ್ಡ ಕೈ ಮೇಲೆದ್ದಾಗ ಅದು ಯಾರದ್ದು ಅಂತ ಅವಳ ಮೈ ವಿಚಾರಿಸೋಕೆ ಹೋಗಲ್ಲ.”

“ಮತ್ತೆ ನಾನೇನು ಮಾಡ್ಲಿ?”

“ಏನೂ ಮಾಡಬೇಡಿ. ಇವತ್ತು ಡ್ಯೂಟಿ ಹೇಗಿತ್ತು, ಅದನ್ನ ಹೇಳಿ.”

“ಅದರಲ್ಲೇನಿದೆ ಹೇಳೋಕೆ!” ಎಂದು ಗೊಣಗಿ, ಸೊಂಟ ಹಿಡಿದುಕೊಂಡು, “ಅಯ್ಯಮ್ಮಾ” ಎನ್ನುತ್ತ ಅವನೂ ನೆಲಕ್ಕಿಳಿದ. ಎರಡನೇ ಟ್ರಿಪ್ಪಿನಲ್ಲಿ ಹೆಂಗಸೊಬ್ಬಳು ಹೊಲಿಗೆ ಯಂತ್ರವನ್ನು ಸೀಟಿನ ಮೇಲೆ ಕೂರಿಸಿ ತಾನು ನಿಂತೇ ಬಂದದ್ದು, ಸೇತುವೆಯ ಮೇಲೆ ನಲವತ್ತು ನಿಮಿಷ ಗಾಡಿ ಅಲ್ಲಾಡದ್ದು, ಕೊನೆಯ ಸ್ಟಾಪಿನಲ್ಲಿ ನಾಯಿಯೊಂದು ಹತ್ತಿ ಇಳಿಯಲೊಪ್ಪದ್ದು ಎಲ್ಲ ಬಂತು. ಬರುಬರುತ್ತಾ ಮಾತು ನಿಧಾನವಾಯಿತು. “ಆಮೇಲೆ ಆ ನಾಯಿ...” ಎಂದವನು ಮುಗಿಸಲಿಲ್ಲ. ಗದ್ದ ಎದೆಗೆ ಬಿತ್ತು, ಗೊರಕೆ ಶುರುವಾಯಿತು.

ಮೇಜಿನ ಕೆಳಗೆ ಏನೋ ಸರಿದಾಡಿತು. ಹುಡುಗಿ ಅಂಬೆಗಾಲಿಕ್ಕಿ ಹೊರಬಂದಳು. ದೂರ ನಿಂತೇ ನೋಡಿದಳು: ತೆರೆದ ಬಾಯಿ, ಅರ್ಧ ನರೆತ ಮೀಸೆ, ಮಡಿಲಲ್ಲಿ ಅಂಗಾತ ಬಿದ್ದ ದೊಡ್ಡ ದೊಡ್ಡ ಕೈಗಳು. ಎರಡು ಹೆಜ್ಜೆ ಹತ್ತಿರ ಬಂದು ಮತ್ತೆ ನೋಡಿದಳು. ಹನ್ನೊಂದು ತಿಂಗಳಲ್ಲಿ ಅವನನ್ನು ನೆಟ್ಟಗೆ ನೋಡಿದ್ದು ಇದೇ ಮೊದಲಿರಬೇಕು.

ಹೊರಗೆ ಜವಾನ ಒಂದೊಂದೇ ಕಿಟಕಿ ಮುಚ್ಚುತ್ತಿದ್ದ. ಇನ್ನು ಎಬ್ಬಿಸದೆ ವಿಧಿಯಿಲ್ಲವೆಂದು ಸಮಾಲೋಚಕಿ ಡ್ರೈವರನ ಭುಜದತ್ತ ಕೈ ಚಾಚಿದಳು.

“ಶ್!” ಹುಡುಗಿ ತುಟಿಯ ಮೇಲೆ ಬೆರಳಿಟ್ಟಳು. “ಎಬ್ಬಿಸಬೇಡಿ. ಅಂಕಲ್ ಬೆಳಿಗ್ಗೆ ನಾಲ್ಕಕ್ಕೇ ಎದ್ದಿದ್ದಾರೆ.”

“ನಿನಗೆ ಹೇಗೆ ಗೊತ್ತು?”

“ದಿನಾ ಗೊತ್ತಾಗುತ್ತೆ. ಬಾಗಿಲವರೆಗೂ ಬೂಟು ಕೈಲಿ ಹಿಡ್ಕೊಂಡು ಹೋಗ್ತಾರೆ, ನನಗೆ ಎಚ್ಚರ ಆಗಬಾರದು ಅಂತ.”

ಸಮಾಲೋಚಕಿ ಬಾಗಿಲಲ್ಲಿ ಇಣುಕಿದ ಜವಾನನಿಗೆ ತಾಳು ಎಂದು ಸನ್ನೆ ಮಾಡಿ, ಫಾರಂ ತೆಗೆದು ಡ್ರಾಯರಿನೊಳಗೆ ಹಾಕಿದಳು.

“ಇದನ್ನ ಅಂಕಲ್‌ಗೆ ಹೇಳ್ತೀಯಾ?”

ಹುಡುಗಿ ಬಹಳ ಯೋಚಿಸಿದಳು. ಆಮೇಲೆ ಅವನಿಂದ ಒಂದು ಮೊಳ ಜಾಗ ಬಿಟ್ಟು, ಅದೇ ಗೋಡೆಗೆ ಬೆನ್ನು ಕೊಟ್ಟು ಕುಳಿತಳು.

“ಹೇಳ್ತೀನಿ. ಈಗಲ್ಲ. ಮೊದಲು ಮಲ್ಕೊಳ್ಳಲಿ.”