ಸಿಮೆಂಟಿನ ನೆಲಕ್ಕೆ ಸಗಣಿ

ಹಸಿ ಸಿಮೆಂಟಿನ ವಾಸನೆ ಬಂದರೆ ಈಗಲೂ ನನಗೆ ವನದುರ್ಗದ ಹಳೆಯ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ವರ್ಷ ಸರಿಯಾಗಿ ಹೇಳಲಾರೆ. ನಿಜಾಮರ ಆಳ್ವಿಕೆ ಆಗಷ್ಟೇ ಮುಗಿದಿತ್ತು. ಅಪ್ಪ ಮಣ್ಣಿನ ಮಾಳಿಗೆಯ ಮಗ್ಗುಲಿಗೆ ಸಿಮೆಂಟಿನ ಕೋಣೆ ಕಟ್ಟಿಸಿದ್ದರು. "ಆ ಖೋಲಿಯಾಗ ನಾ ಕಾಲಿಡಂಗಿಲ್ಲ" ಎಂದ ಅಜ್ಜಿ ಅಪ್ಪನೊಂದಿಗೆ ಮಾತೇ ಬಿಟ್ಟಿದ್ದಳು.

ನೆಲ ನುಣುಪು ಮಾಡಿ ಊಟಕ್ಕೆ ಹೋಗಿದ್ದ ಗೌಂಡಿ ಬಂದವನೇ ಕೂಗಿದ: "ಗೌಡ್ರ, ಬರ್ರಿ! ಆಯಿ ನೆಲಾ ಎಲ್ಲಾ ಕೆಡಿಸ್ಯಾರ!"

ಅಜ್ಜಿ ಇನ್ನೂ ಆರದ ಸಿಮೆಂಟಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ಸಗಣಿ ಸಾರಿಸುತ್ತಿದ್ದಳು. ನೆಲದ ತುಂಬ ಅವಳ ಬೆರಳಿನ ಗೆರೆಗಳು.

"ಸಾರಸಲಾರದ ನೆಲದಾಗ ಕೂಸುಗೋಳು ಹೆಂಗ ಮಲಗ್ತಾವ?" ಎಂದು ಗೌಂಡಿಯನ್ನೇ ಗದರಿಸಿದಳು.

ಕೂಗು ಕೇಳಿ ಬಂದ ಅಪ್ಪ ಗಟ್ಟಿಯಾಗಿ ನಕ್ಕರು. ಈ ನಗುವನ್ನು ನಾನು ಆಮೇಲೆ ಸೇರಿಸಿಕೊಂಡಿಲ್ಲ ಎಂದು ನಂಬಿದ್ದೇನೆ.

"ಅವ್ವಾ," ಎಂದರು, "ಆ ಮೂಲಿ ಉಳದದ ನೋಡು."